ಡ್ರೈರೂಮಿನ ಒದ್ದೆ ಸಾಕ್ಸು

ನನ್ನ ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತದೆ. ಮುಂಬಯಿಯ ವಿಕ್ರೋಳಿಯಲ್ಲಿ ಒಂದು ಸಣ್ಣ ಲ್ಯಾಬಿನಲ್ಲಿದ್ದಾಗಲೂ ಅಷ್ಟೆ. ಮೊಬೈಲು, ಕೈಗಡಿಯಾರಗಳ ಬ್ಯಾಟರಿಗೆಂದು ಲಿಥಿಯಂ ಉಪ್ಪು ಬೆರೆಸಿದ ಪಾಲಿಮರ್ ಹಾಳೆ ಮಾಡುತ್ತಿದ್ದೆವು. ಉಪ್ಪಿನ ಅಯಾನುಗಳು ಆ ಹಾಳೆಯೊಳಗೆ ಎಷ್ಟು ಸಲೀಸಾಗಿ ಓಡಾಡುತ್ತವೆ ಎಂದು ಅಳೆಯುವುದು ನನ್ನ ಕೆಲಸ. ತಿಂಗಳುಗಟ್ಟಲೆ ಏನು ಮಾಡಿದರೂ ಹಾಳಾದವು ಜಗ್ಗಲಿಲ್ಲ.

ಮಳೆ ಹಿಡಿದದ್ದೇ ತಡ, ಅಯಾನುಗಳ ಓಟ, ಅಂದರೆ ಹಾಳೆಯ ವಾಹಕತೆ, ದಿಢೀರನೆ ಏರಿತು. ನಮ್ಮ ಬಾಸ್ ಕುಣಿದಾಡಿಬಿಟ್ಟರು. ಅವರೂ ನನ್ನ ಹಾಗೆ ಉಡುಪಿ ಕಡೆಯವರು. ನನಗೆ ಮಾತ್ರ ಅನುಮಾನ ಬಂತು. ಡ್ರೈರೂಮಿಗೆ ಹೋಗಿ ನೋಡಿದೆ. ಹಾಳೆಗೆ ತೇವ ತಾಗದಿರಲೆಂದು ಗಾಳಿಯ ಪಸೆಯನ್ನೆಲ್ಲ ಹೀರುವ ಕೋಣೆ ಅದು. ಅಲ್ಲಿ ಯಂತ್ರದ ಮೇಲೆ ಸಾಲಾಗಿ ಒದ್ದೆ ಸಾಕ್ಸುಗಳು! ಇಡೀ ಮುಂಬಯಿಯಲ್ಲಿ ಮಳೆಗಾಲಕ್ಕೆ ಬಟ್ಟೆ ಒಣಗುವ ಜಾಗ ಇದೊಂದೇ ಎಂದು ಎಲ್ಲರೂ ಕಂಡುಕೊಂಡಿದ್ದರು. ಒಂದು ಜೊತೆ ಬಾಸಿನದೇ.

"ಸರ್, ಅಯಾನು ಓಡುದು ಹಾಳೆಯಿಂದಲ್ಲ, ಸಾಕ್ಸಿನ ನೀರಿನಿಂದ. ಈ ಹಾಳೆ ಹಾಕಿದ ಸೆಲ್ ಉಬ್ಬುತ್ತದೆ, ಬೆಂಕಿ ಹಿಡೀತದೆ," ಎಂದೆ.

"ನಿನ್ನ ಬಾಯಲ್ಲಿ ಒಳ್ಳೆ ಮಾತೇ ಬರುದಿಲ್ವಾ ಮಾರಾಯ್ತಿ? ಇವತ್ತು ದಾದರಿನಲ್ಲಿ ದುಡ್ಡು ಹಾಕುವವರಿಗೆ ಸೆಲ್ ತೋರಿಸ್ಲಿಕ್ಕುಂಟು."

ನಾನು ಊಟ ಮುಗಿಸಿ ಬರುವಷ್ಟರಲ್ಲಿ ನಮ್ಮ ಅಟೆಂಡರ್ ಆ ಹಾಳೆ ಹಾಕಿದ ಸೆಲ್ ತೆಗೆದುಕೊಂಡು ದಾದರಿಗೆ ಹೊರಟು ಲ್ಯಾಬಿನ ಬಾಗಿಲ ಬಳಿ ನಿಂತಿದ್ದ. ವಿಜಯಪುರ ಕಡೆಯ ಗಟ್ಟಿ ಆಳು. ಲೋಕಲ್ ಟ್ರೇನಿನ ನೂಕಾಟದಲ್ಲಿ ಯಾರೂ ಎಗರಿಸಬಾರದೆಂದು ಎದೆಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಕಾಗದದಂತೆ ಚಪ್ಪಟೆಯಾಗಿದ್ದ ಸೆಲ್ ಪೂರಿಯ ಹಾಗೆ ಉಬ್ಬಿದ್ದು ಜೇಬಿನ ಹೊರಗಿನಿಂದಲೇ ಕಾಣುತ್ತಿತ್ತು.

"ತೆಗಿ ಅದನ್ನು, ಈಗಲೇ," ಎಂದೆ.

"ಸಾಹೇಬ್ರು ಯಾರಿಗೂ ಕೊಡಬ್ಯಾಡ ಅಂದಾರ್ರೀ," ಎಂದು ಅಂಗೈಯಿಂದ ಜೇಬನ್ನು ಒತ್ತಿಹಿಡಿದ.

ಒತ್ತಬಾರದಿತ್ತು. ಬಿಡಿಸಿ ಹೇಳಲು ಪುರುಸೊತ್ತಿರಲಿಲ್ಲ. ಅವನ ಕಾಲರ್ ಹಿಡಿದೆಳೆದೆ, ಮಣಿಕಟ್ಟನ್ನು ಕಚ್ಚಿದೆ. ಅವನು ನನ್ನನ್ನು ಗೋಡೆಗೆ ನೂಕಿದ. ತಲೆ ಒಡೆದು ಕಿವಿಯ ಹಿಂದೆ ರಕ್ತ ಇಳಿಯಿತು. "ಹುಚ್ಚ ಹಿಡದೈತೇನ್ರೀ ನಿಮಗ?" ಎಂದು ಅರಚಿದ. ನಾನು ಬಿಡಲಿಲ್ಲ. ಜೇಬು ಪರ್ರನೆ ಹರಿದು ಸೆಲ್ ನೆಲಕ್ಕೆ ಬಿತ್ತು. ಮೂಲೆಯಲ್ಲಿದ್ದ ಮರಳಿನ ಬಕೆಟ್ಟನ್ನು ಅದರ ಮೇಲೆ ಮಗುಚಿದೆ. ಮರಳನ್ನು ಸೀಳಿಕೊಂಡು ಬುಸ್ಸೆಂದು ಬೆಂಕಿ ಎದ್ದು ನನ್ನ ದುಪಟ್ಟಾದ ಅಂಚನ್ನು ಸುಟ್ಟಿತು.

ಬಾಸ್ ಓಡಿಬಂದರು. ನನ್ನ ರಕ್ತ ಅವರಿಗೆ ಕಾಣಲಿಲ್ಲ. "ಸ್ಯಾಂಪಲ್ ಹಾಳು ಮಾಡಿದೆಯಲ್ಲ," ಎಂದು ಅಟೆಂಡರನ ಕೆನ್ನೆಗೆ ಬಾರಿಸಿದರು. ನಾನು ಅವರ ಕೆನ್ನೆಗೆ ಬಾರಿಸಿದೆ. ಕೈ ಚುರುಗುಟ್ಟಿತು, ಖುಷಿಯೂ ಆಯಿತು. ಕೆಲಸ ಅಲ್ಲಿಗೆ ಹೋಯಿತು. ಹೋಗಲಿ, ಪೀಡೆ ತೊಲಗಿತು ಎಂದುಕೊಂಡೆ.

ಕೆಳಗಿಳಿದರೆ ಅಟೆಂಡರ್ ಮೆಟ್ಟಿಲ ಮೇಲೆ ಕೂತಿದ್ದ. ನನ್ನ ಕಡೆ ನೋಡಲಿಲ್ಲ.

"ನನ್ನ ಹೆಂಡ್ತಿ ದಾದರ್ ಸ್ಟೇಷನ್ಯಾಗ ಕಾಯಾಕತ್ತಾಳ್ರೀ, ಮೇಡಮ್ಮಾರ. ಡ್ಯೂಟಿಗಿ ಹೋಗೂ ಮುಂದ ಮಗಳನ್ನ ನನ್ನ ಕೈಯಾಗ ಕೊಟ್ಟು ಹೋಗ್ತಾಳ." ಎದೆಯ ಹರಿದ ಜೇಬಿನ ಮೇಲೆ ಕೈ ಇಟ್ಟುಕೊಂಡ. "ಟ್ರೇನಿನ್ಯಾಗ ಕೂಸು ಇಲ್ಲೇ ತಲಿ ಇಟ್ಟು ಮಲಗತೈತ್ರೀ."