ಎಲ್ಲ ವೈನಿಗೂ ಹತ್ತಕ್ಕೆ ಏಳು

ನನ್ನ ಗಂಡ ಯಾವ ವೈನ್ ಕೊಟ್ಟರೂ ಹತ್ತಕ್ಕೆ ಏಳು ಅಂಕ ಕೊಡುತ್ತಿದ್ದರು. ಹುಳಿ ಹುಳಿಯಾಗಿದ್ದಕ್ಕೂ ಏಳು, ಕೆಮ್ಮಿನ ಸಿರಪ್ಪಿನಂತೆ ಸಿಹಿಯಾಗಿದ್ದಕ್ಕೂ ಏಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಬೇಸಿಗೆ ರಜೆಯನ್ನೆಲ್ಲ ಪಬ್ಲಿಕ್ ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವುದರಲ್ಲೇ ಕಳೆದು ನಿವೃತ್ತಳಾದವಳು. ಕಣ್ಣು ಮುಚ್ಚಿಕೊಂಡು ಎಲ್ಲರಿಗೂ ಒಂದೇ ಅಂಕ ಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ವೈನಿನ ಯೋಚನೆ ನನ್ನದೇ. ತಂಗಿಯ ಮನೆಯಲ್ಲಿ ಒಮ್ಮೆ ಅರ್ಧ ಗ್ಲಾಸು ಕೆಂಪು ವೈನ್ ಕುಡಿದಿದ್ದೆ, ಇಷ್ಟವಾಗಿತ್ತು. ಇಬ್ಬರೂ ಕೆಲಸದಿಂದ ಬಿಡುಗಡೆಯಾಗಿ ಕೂತಿದ್ದೇವೆ, ಸಂಜೆ ಒಂದೊಂದು ಲೋಟ ಕುಡಿದರೆ ಯಾರಪ್ಪನ ಗಂಟು ಹೋಗುತ್ತದೆ ಅನಿಸಿತು. ದಿನಬಳಕೆಗೆ ಆಗುವಂಥ, ಕೈಗೆಟುಕುವ ಬೆಲೆಯ ಒಂದು ವೈನ್ ಹುಡುಕಬೇಕು. ವಾರಕ್ಕೊಂದು ಬಗೆ ತಂದು, ರುಚಿ ನೋಡಿ, ಇಬ್ಬರೂ ಅಂಕ ಕೊಡಬೇಕು. ಅವರಿಗೆ ಹೇಳಿದ್ದು ಇಷ್ಟೇ.

ಒಳಗಿನ ಆಸೆ ಬೇರೆಯೇ ಇತ್ತು. ಮೊದಲೆಲ್ಲ ಅವರಂಥ ನಾಲಿಗೆಯವರು ನಮ್ಮ ಎರಡೂ ಕಡೆಯ ನೆಂಟರಲ್ಲಿ ಇನ್ನೊಬ್ಬರಿರಲಿಲ್ಲ. ಕಾಫಿಪುಡಿಯ ಅಂಗಡಿ ಬದಲಾಯಿಸಿದರೆ ಮೊದಲ ಗುಟುಕಿಗೇ ಹಿಡಿಯುತ್ತಿದ್ದರು. ಸಾರಿನ ಪುಡಿಗೆ ಮೆಂತ್ಯ ಎರಡು ಕಾಳು ಹೆಚ್ಚು ಬಿದ್ದರೂ ಮುಖ ಕಿವುಚುತ್ತಿದ್ದರು. ಅದಕ್ಕಾಗಿ ನಮ್ಮಲ್ಲಿ ಜಗಳವಾಗದ ವಾರವಿರಲಿಲ್ಲ. ಈಚಿನ ವರ್ಷಗಳಲ್ಲಿ ಆ ಮನುಷ್ಯ ಎಲ್ಲಿ ಹೋದರೋ ಗೊತ್ತಿಲ್ಲ. ಏನು ಬಡಿಸಿದರೂ ಚೆನ್ನಾಗಿದೆ ಎಂದು ಉಂಡು ಏಳುತ್ತಾರೆ. ತಂಗಿ ನನ್ನನ್ನು ಪುಣ್ಯವಂತೆ ಅನ್ನುತ್ತಾಳೆ. ನನಗೋ ಗೋಡೆಗೆ ಬಡಿಸಿದಂತಾಗುತ್ತದೆ. ವೈನಿನ ನೆಪದಲ್ಲಾದರೂ ಆ ಬಾಯಿಂದ ಒಂದು ನಿಜವಾದ ಅಭಿಪ್ರಾಯ ಹೊರಡಿಸಬೇಕಿತ್ತು.

ತರುವುದೇ ಒಂದು ತಲೆನೋವು. ಬಸವೇಶ್ವರನಗರದ ಮುಖ್ಯರಸ್ತೆಯಲ್ಲಿ ಗಾಜಿನ ಬಾಗಿಲಿನ, ಏಸಿ ಹಾಕಿದ ಅಂಗಡಿ ಬಂದಿದೆ, ಹೆಂಗಸರು ಹೋದರೆ ಯಾರೂ ತಿರುಗಿ ನೋಡುವುದಿಲ್ಲ ಎಂದು ಕೇಳಿದ್ದೆ. ಎಲ್ಲರೂ ನೋಡಿದರು. ಅಂಗಡಿಯವನು ಲೇಡೀಸ್ ಎಲ್ಲ ಸ್ವೀಟೇ ತಗೊಳ್ಳೋದು ಆಂಟಿ ಎಂದು ಒಂದು ಗುಲಾಬಿ ಬಣ್ಣದ್ದನ್ನು ಮುಂದಿಟ್ಟ. ಸಿಹಿ ಬೇಡ ಎಂದರೆ, ಕೇಕಿಗೆ ಹಾಕೋದಕ್ಕಾ ಎಂದು ಕೇಳಿದ. ಕುಡಿಯೋದಕ್ಕೆ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಪಕ್ಕದಲ್ಲಿದ್ದವರು ನನ್ನ ಹಳೆಯ ವಿದ್ಯಾರ್ಥಿನಿಯ ತಂದೆ. ಒಂದು ಕೈಯಲ್ಲಿ ನಮಸ್ಕಾರ ಮೇಡಂ ಎಂದು, ಇನ್ನೊಂದು ಕೈಯ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿಕೊಂಡರು.

ತಂದದ್ದನ್ನು ಇಡುವುದೆಲ್ಲಿ? ಮನೆಯಲ್ಲಿ ಅತ್ತೆಯವರಿದ್ದಾರೆ, ಎರಡು ಹೊತ್ತು ಲಿಂಗಪೂಜೆ ತಪ್ಪಿಸಿದವರಲ್ಲ. ಬಾಟಲಿ ಹೊಸ್ತಿಲು ದಾಟುವ ಮಾತೇ ಇಲ್ಲ. ನಮ್ಮ ಟೆರೇಸಿಗೆ ಮೆಟ್ಟಿಲು ಹೊರಗಡೆಯಿಂದ. ಹಾಗಾಗಿ ಟೆರೇಸು ಮನೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಗಂಡ ಹೆಂಡತಿ ಸೇರಿ ತೀರ್ಮಾನ ಮಾಡಿದೆವು. ಕುಡಿಯುವುದು ಅಲ್ಲಿ, ನೀರಿನ ಟ್ಯಾಂಕಿನ ಮರೆಯಲ್ಲಿ, ಸ್ಟೀಲ್ ಲೋಟದಲ್ಲಿ, ನಿಪ್ಪಟ್ಟಿನ ಜೊತೆ. ಬಾಟಲಿ ಇರುವುದು ಗೇಟಿನಾಚೆ ನಿಂತ ಸ್ಕೂಟರಿನ ಡಿಕ್ಕಿಯಲ್ಲಿ. ಸಂಜೆಯಾದರೆ ಅವರು ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, ಗಿಡಕ್ಕೆ ನೀರು ಹಾಕಿ ಬರ್ತೀನಮ್ಮ ಎಂದು ಕೂಗಿ ಹೇಳಿ ಮೇಲೆ ಹತ್ತುತ್ತಿದ್ದರು. ಟೆರೇಸಿನಲ್ಲಿದ್ದದ್ದು ಒಂದು ಒಣಗಿದ ತುಳಸಿ. ಅತ್ತೆಗೆ ಏನೂ ತಿಳಿದಿರಲಿಲ್ಲ ಎಂದು ನಾನು ಇವತ್ತಿಗೂ ನಂಬುವುದಿಲ್ಲ.

ನಾನು ಮಾತ್ರ ಶ್ರದ್ಧೆಯಿಂದ ಅಂಕ ಕೊಡುತ್ತಿದ್ದೆ. ಇದು ಗಂಟಲಲ್ಲಿ ಒರಟು, ನಾಲ್ಕು. ಇದರಲ್ಲಿ ನೇರಳೆ ಹಣ್ಣಿನ ಒಗರಿದೆ, ಊಟಕ್ಕೆ ಹೊಂದುತ್ತದೆ, ಎಂಟು. ನೀವು ಹೇಳಿ ಎಂದರೆ ಅವರು ಲೋಟದೊಳಗೆ ನೋಡಿ, ನನ್ನ ಮುಖ ನೋಡಿ, ಏಳು ಅನ್ನುತ್ತಿದ್ದರು. ಯಾಕೆ ಏಳು ಎಂದು ಕೇಳಿದರೆ ಚೆನ್ನಾಗಿದೆಯಲ್ಲ ಕಣೇ ಎನ್ನುವುದು. ಒಂದು ಸಲ ರೇಗಿ, ಹಾಗಾದರೆ ಟ್ಯಾಂಕಿನ ನೀರಿಗೂ ಏಳು ಕೊಡಿ ಎಂದು ಕೆಳಗಿಳಿದು ಬಂದಿದ್ದೆ.

ಕೊನೆಗೆ ಬೇಸಿಗೆಯಲ್ಲಿ, ಕೆಂಗೇರಿಯಲ್ಲಿ ತಂಗಿಯ ಮೊಮ್ಮಗುವಿನ ನಾಮಕರಣವಾಯಿತು. ಅತ್ತೆಯನ್ನೂ ಕರೆದುಕೊಂಡು ಆಟೋದಲ್ಲಿ ಹೋದವರು ಕೆಲವು ದಿನ ಅಲ್ಲೇ ಉಳಿದೆವು. ಸ್ಕೂಟರು ಗೇಟಿನಾಚೆ ಬಿಸಿಲಲ್ಲಿ ನಿಂತಿತ್ತು, ಅದರ ಡಿಕ್ಕಿಯಲ್ಲಿ ಅರ್ಧ ಕುಡಿದು ಬಿರಡೆ ಹಾಕಿಟ್ಟ ಬಾಟಲಿ. ಬೆಳಿಗ್ಗೆ ವಾಪಸು ಬಂದ ದಿನವೇ ಸಂಜೆ ಅದನ್ನೇ ಮೇಲೆ ತಂದು ಬಗ್ಗಿಸಿದೆವು. ಲೋಟ ಮೂಗಿನ ಹತ್ತಿರ ತಂದವಳೇ ದೂರ ಹಿಡಿದೆ. ಬೂಸ್ಟು ಹಿಡಿದ ಉಪ್ಪಿನಕಾಯಿಯನ್ನು ಕುದಿಸಿಟ್ಟಂಥ ನಾತ. ಚೆಲ್ಲಿ ಎಂದು ಹೇಳಲು ತಿರುಗಿದರೆ ಅವರು ಆಗಲೇ ಅರ್ಧ ಲೋಟ ಮುಗಿಸಿ ನಿಪ್ಪಟ್ಟು ಮುರಿಯುತ್ತಿದ್ದರು.

“ಏಳು,” ಎಂದರು.

ನಾನು ಲೋಟ ಕಿತ್ತುಕೊಂಡು ಅವರ ಮೂಗಿಗೇ ಹಿಡಿದೆ. ವಾಸನೆ ನೋಡಿ ಹೇಳಿ ಎಂದೆ. ಅವರು ಮುಖ ಪಕ್ಕಕ್ಕೆ ತಿರುಗಿಸಿದರು.

“ಬರಲ್ಲ ಕಣೇ,” ಎಂದರು ಆಮೇಲೆ. “ಕೊರೊನಾ ಬಂದಾಗ ಹೋಯ್ತಲ್ಲ, ವಾಪಸ್ ಬರ್ಲೇ ಇಲ್ಲ. ಬಿಸಿ ಗೊತ್ತಾಗತ್ತೆ, ಖಾರ ಗೊತ್ತಾಗತ್ತೆ. ಮಿಕ್ಕಿದ್ದು ಏನೂ ಇಲ್ಲ.”

ನನಗೆ ಬಂದದ್ದು ಕನಿಕರವಲ್ಲ, ಕೆಟ್ಟ ಕೋಪ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು ಹೇಳಲಿಲ್ಲವೆಂದರೆ ನಾನೇನು ಪಕ್ಕದ ಮನೆಯವಳೇ? ದಿನಾ ಬೆಳಿಗ್ಗೆ ಶುಂಠಿ ಜಜ್ಜಿ, ಕೊತ್ತಂಬರಿ ಆರಿಸಿ, ಯಾರಿಗಾಗಿ ಬೇಯಿಸಿದೆ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಮೊದಮೊದಲು ಅಮ್ಮ ಹೆದರಿಕೊಳ್ಳುತ್ತಾರೆ ಎಂದು ಸುಮ್ಮನಿದ್ದರಂತೆ. ಆಮೇಲೆ, ಇಷ್ಟು ದಿನ ಬಿಟ್ಟು ಹೇಗೆ ಹೇಳುವುದು ಎಂದು ಸುಮ್ಮನಾದರಂತೆ. ಊಟಕ್ಕೆ ಕೂತಾಗ ನನ್ನ ಹಳೆಯ ಸಾರನ್ನು ನೆನೆಸಿಕೊಂಡು ಉಣ್ಣುತ್ತಿದ್ದರಂತೆ. ಇದನ್ನು ಕೇಳಿ ಕೋಪ ಇನ್ನೂ ಜಾಸ್ತಿಯಾಯಿತು, ಯಾಕೆಂದರೆ ಆ ಹಳೆಯ ಸಾರನ್ನು ಅವರು ಹೊಗಳಿದ್ದು ನನಗೆ ನೆನಪೇ ಇರಲಿಲ್ಲ.

ಉಳಿದ ವೈನನ್ನು ಮೋರಿಗೆ ಬಗ್ಗಿಸಿ ಬಂದು ದೂರ ಕೂತೆ. ಕೆಳಗೆ ಅತ್ತೆಯ ಪೂಜೆಯ ಗಂಟೆ ಕೇಳಿಸುತ್ತಿತ್ತು. ಅವರು ಸರಿದು ಹತ್ತಿರ ಬಂದು, ಮಧ್ಯಾಹ್ನದ ಸಾರು ಹೇಗಿತ್ತು, ನೀನೇ ಹೇಳು ಎಂದರು.

ಸಿಟ್ಟು ಇಳಿದಿರಲಿಲ್ಲ.

“ಒಗ್ಗರಣೆ ಸೀದು ಹೋಗಿತ್ತು ಕಣ್ರೀ,” ಎಂದೆ. “ನಾನೇ ಉಣ್ಣಕ್ಕಾಗ್ದೆ ಮೊಸರು ಕಲಸ್ಕೊಂಡೆ. ನೀವು ಎರಡು ಸಲ ಹಾಕಿಸ್ಕೊಂಡ್ರಿ.”