ಅರ್ಧಕ್ಕಿಳಿದ ಕಾಯಿಲ್ ಮತ್ತು ಅವ್ವನ ಸಾರು

ಇವತ್ತು ನಾನು ಪಾಠ ಮಾಡುವ ತರಗತಿಯಲ್ಲಿ ಪ್ರಯೋಗದ ವೈರು ಸುಟ್ಟ ವಾಸನೆ ಬಂದದ್ದೇ ತಡ, ಮರಳಿ ಊರಿನ ನಮ್ಮ ಚಿಕ್ಕಂದಿನ ಅಡುಗೆಮನೆ ನೆನಪಾಗಿ ಮತ್ತೆ ತಲೆ ಕೆಟ್ಟಿತು.

ಕರೆಂಟ್ ಒಲೆಯ ಕಾಯಿಲ್ ಹರಿದಾಗಲೆಲ್ಲ ಅವ್ವ ಸುಟ್ಟ ತುಂಡನ್ನು ಕಿತ್ತೆಸೆದು, ಉಳಿದದ್ದನ್ನೇ ಜಗ್ಗಿ ಕೊಂಡಿ ಹಾಕುತ್ತಿದ್ದಳು. ಕಾಯಿಲ್ ಅರ್ಧಕ್ಕೆ ಇಳಿದ ದಿನ ನಾನು ನೋಟ್‌ಬುಕ್ ಹಿಡಿದು ಅವಳೆದುರು ಕುಳಿತೆ.

"ಅವ್ವಾ, ಹೊಸಾದಿದ್ದಾಗ ೨೨೦ ವೋಲ್ಟಿಗೆ ಐದು ಆಂಪಿಯರ್ ಎಳೀತಿತ್ತು. ಅಂದ್ರ ರೋಧ ೪೪ ಓಮ್, ೧೧೦೦ ವ್ಯಾಟ್. ಈಗ ರೋಧ ೨೨ಕ್ಕ ಇಳದೈತಿ. ಹತ್ತು ಆಂಪಿಯರ್, ೨೨೦೦ ವ್ಯಾಟ್! ವೈರ್ ತಡಿಯೂದಿಲ್ಲ!"

"ಅದಕ್ಕ ನೋಡು, ಸಾರು ಲಗೂ ಕುದಿಯಾಕತ್ತೈತಿ" ಎಂದು ಅವ್ವ ಹಿಗ್ಗಿದಳು.

ಅಷ್ಟರಲ್ಲಿ ಫ್ಯೂಸ್ ಹೋಯಿತು. ಅಪ್ಪ ದಪ್ಪ ತಂತಿ ಸುತ್ತಿ, "ಇನ್ನ ಹೋಗೂದಿಲ್ಲ ಬಿಡು" ಎಂದ. ನಿಜ, ಫ್ಯೂಸ್ ಹೋಗಲಿಲ್ಲ. ಸ್ವಿಚ್ ಬೋರ್ಡೇ ಕರಗಿ ಗೋಡೆ ಮೇಲೆ ಇಳಿಯಿತು.

ಬೈಗುಳ ಯಾರಿಗೆ? ನನಗೆ! "ಇದರದು ಕರಿನಾಲಗಿ. ಅಂದಿದ್ದಕ್ಕ ಹಿಂಗಾತು!" ಎಂದಳು ಅವ್ವ.

ಇವತ್ತು ಅದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದು, ಕಾಯಿಲ್ ಅರ್ಧವಾದರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಸಾರು ಲಗೂ ಕುದೀತೈತ್ರಿ ಟೀಚರ್."

ಹಲ್ಲು ಕಚ್ಚಿಕೊಂಡು ಪೂರ್ತಿ ಅಂಕ ಕೊಟ್ಟೆ.