ಭಂಡಾರ ಮುಟ್ಟಿ ಕೊಟ್ಟ ಮಾತು

ಶಿರೂರಿನ ಕನಕಪ್ಪ ಸೈನ್ಯದಿಂದ ನಿವೃತ್ತನಾಗಿ ಬಂದಾಗ ಊರವರು ಹಾರ ಹಾಕಿದ್ದರು. ಕುರಿ ಕಾಯುವ ಮನೆತನದವನು ಗಡಿಯ ಗುಡ್ಡದವರ ಭಾಷೆ ಕಲಿತು ದುಭಾಷಿಯಾಗಿದ್ದು ಸಣ್ಣ ಮಾತೇ? ಹಾರದ ಕೆಳಗೆ ಅವನ ತಲೆ ಬಗ್ಗಿಯೇ ಇತ್ತು. ಜನ ಅದನ್ನು ವಿನಯ ಅಂದುಕೊಂಡರು. ಜನಕ್ಕೇನು, ಬೆಳ್ಳಗೆ ಕಂಡದ್ದೆಲ್ಲ ಹಾಲು.

ತಾಯಿ ರಂಗವ್ವನಿಗೆ ಮಾತ್ರ ಅನುಮಾನ. ಬೀರಪ್ಪನ ಗುಡಿಯ ಭಂಡಾರವನ್ನು, ಆ ಅರಿಸಿನ ಪುಡಿಯನ್ನು, ಮಗ ಹಣೆಗೆ ಹಚ್ಚಿಸಿಕೊಳ್ಳುತ್ತಿರಲಿಲ್ಲ. ಅವನು ಕೆಲಸ ಮಾಡಿದ ಬಂಧನ ಶಿಬಿರದಲ್ಲಿ ಕೈದಿಗಳನ್ನು ಹಿಂಸಿಸಿದ ಬಗ್ಗೆ ವಿಚಾರಣೆ ಶುರುವಾಗಿ, ಸಾಕ್ಷಿಗೆ ಕರೆ ಬಂದಿತ್ತು. 'ಬಾಯಿ ಬಿಟ್ಟರೆ ನೀನೂ ಸಿಕ್ಕಿಬೀಳುತ್ತೀ' ಎಂದು ಹಳೆಯ ಸಾಹೇಬ ಫೋನಿನಲ್ಲಿ ಎಚ್ಚರಿಸಿದ್ದ. ಹೊರಡುವ ಬೆಳಿಗ್ಗೆಯೂ ಕನಕಪ್ಪ ತಾಯಿಯ ಕೈಯಿಂದ ಹಣೆ ಹಿಂದೆ ಸರಿಸಿದ.

"ಯಾಕೋ ಯಪ್ಪಾ, ದೇವರ ಮ್ಯಾಲೆ ಸಿಟ್ಟೇನು?"

"ಸಿಟ್ಟಲ್ಲ ಯವ್ವಾ. ತೋರಸಾಕ ಮಾರಿ ಇಲ್ಲ ನನಗ."

ಆಗ ಎಲ್ಲ ಹೇಳಿದ. ಶಿಬಿರಕ್ಕೆ ಒಬ್ಬ ಕುರಿಗಾರನನ್ನು ಹಿಡಿದು ತಂದಿದ್ದರು. ಅವನು ತನ್ನ ತಮ್ಮ ಎಲ್ಲಿ ಅಡಗಿದ್ದಾನೆಂದು ಹೇಳಿದರೆ ಮೈ ಮುಟ್ಟುವುದಿಲ್ಲ ಎಂದ ಸಾಹೇಬ. ಅದನ್ನು ಇದ್ದ ಹಾಗೆ ದಾಟಿಸಿ ಸುಮ್ಮನಿದ್ದರೆ ದುಭಾಷಿಯ ಕೆಲಸ ಮುಗಿಯುತ್ತಿತ್ತು. ಕೈದಿ ನಂಬಲಿಲ್ಲ. ಕನಕಪ್ಪ ಕಿಸೆಯಿಂದ ಭಂಡಾರ ತೆಗೆದು ಅವನ ಅಂಗೈಗೆ ಹಾಕಿ, 'ನಾನೂ ಕುರಿ ಕಾಯುವವರ ಮಗ. ಇದನ್ನು ಮುಟ್ಟಿ ನಮ್ಮಲ್ಲಿ ಯಾರೂ ಸುಳ್ಳಾಡುವುದಿಲ್ಲ' ಎಂದ. ಪಾಪ, ಸಾಹೇಬನ ಮಾತನ್ನು ಕನಕಪ್ಪನೂ ನಂಬಿದ್ದ. ಕೈದಿ ತಮ್ಮನ ಜಾಗ ಹೇಳಿದ. ಹೇಳಿದ ಮೇಲೆಯೇ ಹೊಡೆತ ಶುರುವಾಯಿತು. ಆ ಜೀವ ಉಳಿಯಲಿಲ್ಲ.

"ಹೊಡಿಯೂ ಮುಂದ ಅವ ಒಂದ ಮಾತ ಒದರತಿದ್ದ. ಏನಂತಾನ ಅಂತ ಸಾಹೇಬ ಕೇಳಿದ. ನೀರ ಕೇಳ್ತಾನ್ರಿ ಅಂದೆ."

"ಖರೆ ಏನಂತಿದ್ದ?"

ಕನಕಪ್ಪ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ.

ರಂಗವ್ವ ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಭಂಡಾರದ ಚೀಲವನ್ನು ಅವನ ಕಿಸೆಗೆ ತುರುಕಿದಳು. "ಇದನ್ನ ಮುಟ್ಟಿ ಕೊಟ್ಟ ಮಾತು ಸುಳ್ಳಾತು. ಹೋಗು, ಇದನ್ನ ಮುಟ್ಟೇ ಖರೆ ಹೇಳಿ ಬಾ. ಅಲ್ಲೀತನಕ ನಿನ್ನ ಹಣಿಗೆ ನಾನೂ ಹಚ್ಚೂದಿಲ್ಲ."

ವಿಚಾರಣೆಯಲ್ಲಿ ಹಳೆಯ ಸಾಹೇಬ ಎದುರಿಗೇ ಕುಳಿತಿದ್ದ. ಕನಕಪ್ಪನ ಕೈ ಕಿಸೆಯಲ್ಲಿತ್ತು. ಹೊಡೆದವರು ಯಾರು, ಹೊಡೆಸಿದವರು ಯಾರು ಎಂದು ಒಬ್ಬೊಬ್ಬರ ಹೆಸರನ್ನೂ ಹೇಳಿದ.

"ಕೈದಿ ನೀರು ಕೇಳುತ್ತಿದ್ದನೆಂದು ಸಾಹೇಬರ ಹೇಳಿಕೆಯಲ್ಲಿದೆ, ಹೌದೇ?" ಎಂದರು ವಿಚಾರಣಾಧಿಕಾರಿ.

"ಇಲ್ರಿ. 'ಅರಿಸಿನ ಕೊಟ್ಟವನನ್ನ ಕರೀರಿ, ಅವ ನನಗ ಮಾತ ಕೊಟ್ಟಾನ' ಅಂತಿದ್ದ." ಕನಕಪ್ಪ ಹಳದಿಯಾದ ಅಂಗೈಯನ್ನು ಮೇಜಿನ ಮೇಲಿಟ್ಟ. "ನಾ ಅಲ್ಲೇ ಬಾಗಲದಾಗ ನಿಂತಿದ್ದೆ."